ವಾಹನರಹಿತ ಪಥಗಳಲ್ಲಿ ಕುಟುಂಬ ಸೈಕಲ್ ಪ್ರವಾಸ

ವಾಹನರಹಿತ ಪಥಗಳಲ್ಲಿ ಕುಟುಂಬ ಸೈಕಲ್ ಪ್ರವಾಸ ಎಂದರೆ ಮೋಟಾರು ವಾಹನಗಳಿಗೆ ಪ್ರವೇಶವಿಲ್ಲದ, ಸೈಕಲ್ ಸವಾರರಿಗೂ ಪಾದಚಾರಿಗಳಿಗೂ ಮೀಸಲಾದ ದಾರಿಗಳಲ್ಲಿ ತಂದೆ-ತಾಯಿ, ಮಕ್ಕಳು, ಕೆಲವೊಮ್ಮೆ ಅಜ್ಜ-ಅಜ್ಜಿಯರೂ ಸೇರಿ ಹಲವು ದಿನಗಳ ಕಾಲ ಊರಿಂದೂರಿಗೆ ಸಾಗುವ ಪ್ರವಾಸ. ಯುರೋಪಿನ ಹಲವು ದೇಶಗಳಲ್ಲಿಯೂ ಅಮೆರಿಕ, ದಕ್ಷಿಣ ಕೊರಿಯಾ, ಜಪಾನ್, ನ್ಯೂಜಿಲೆಂಡ್‌ಗಳಲ್ಲಿಯೂ ಇಂಥ ಪ್ರವಾಸಕ್ಕೆ ಒದಗುವ ದೀರ್ಘ ಪಥಗಳಿವೆ. ಭಾರತದಲ್ಲಿ ಅವು ಇಲ್ಲವೆನ್ನುವಷ್ಟು ಕಡಿಮೆಯಾದ್ದರಿಂದ, ಕರ್ನಾಟಕದ ಕುಟುಂಬವೊಂದು ಮಕ್ಕಳೊಡನೆ ಹತ್ತು ದಿನ ನಿಶ್ಚಿಂತೆಯಿಂದ ಸೈಕಲ್ ತುಳಿಯಬೇಕೆಂದರೆ ಸದ್ಯಕ್ಕೆ ವಿದೇಶಕ್ಕೇ ಹೋಗಬೇಕಾಗುತ್ತದೆ. ಈ ಲೇಖನವು ಅಂಥ ಪಥಗಳ ಹಿನ್ನೆಲೆಯನ್ನೂ, ಕೊಡಗಿನ ನಾಪೋಕ್ಲಿನಂಥ ಊರಿನಿಂದ ಹೊರಡುವ ಕುಟುಂಬವು ಮಾಡಿಕೊಳ್ಳಬೇಕಾದ ಯೋಜನೆಯನ್ನೂ ವಿವರಿಸುತ್ತದೆ.

ಪಥಗಳ ಉಗಮ

ಇಂದು ಪ್ರವಾಸಿಗರು ಮೆಚ್ಚುವ ಸೈಕಲ್ ಪಥಗಳಲ್ಲಿ ಹೆಚ್ಚಿನವು ಸೈಕಲ್ಲಿಗಾಗಿ ಹುಟ್ಟಿದವಲ್ಲ. ಅವುಗಳಲ್ಲಿ ಒಂದು ಬಗೆ ನದಿ ಮತ್ತು ಕಾಲುವೆಗಳ ದಂಡೆಯ ಹಾದಿ. ಎಂಜಿನ್ನುಗಳು ಬರುವ ಮೊದಲು ಸರಕಿನ ದೋಣಿಗಳನ್ನು ಪ್ರವಾಹಕ್ಕೆ ಎದುರಾಗಿ ಎಳೆಯಲು ದಂಡೆಯ ಮೇಲೆ ಕುದುರೆಗಳನ್ನೂ ಹೇಸರಗತ್ತೆಗಳನ್ನೂ ನಡೆಸುತ್ತಿದ್ದರು. ಆ ಪ್ರಾಣಿಗಳು ನಡೆದ ಹಾದಿಯೇ ಆಸ್ಟ್ರಿಯಾದಲ್ಲಿ ದಾನ್ಯೂಬ್ ನದಿಯ ಬದಿಯಲ್ಲಿಯೂ ಅಮೆರಿಕದಲ್ಲಿ ಚೆಸಪೀಕ್ ಮತ್ತು ಓಹಾಯೊ ಕಾಲುವೆಯ ಬದಿಯಲ್ಲಿಯೂ ಸೈಕಲ್ ಪಥವಾಯಿತು.

ಇನ್ನೊಂದು ಬಗೆ ಮುಚ್ಚಿಹೋದ ರೈಲು ಮಾರ್ಗಗಳದು. ಬ್ರಿಟನ್ನಿನಲ್ಲಿ 1963ರ ಬೀಚಿಂಗ್ ವರದಿಯ ನಂತರ ಸಾವಿರಾರು ಕಿಲೋಮೀಟರ್ ರೈಲು ಮಾರ್ಗ ಮುಚ್ಚಿತು. ಅದರಲ್ಲೊಂದಾದ ಬ್ರಿಸ್ಟಲ್–ಬಾತ್ ಮಾರ್ಗವನ್ನು 1979ರಿಂದ 1986ರವರೆಗೆ ಸ್ವಯಂಸೇವಕರ ದುಡಿಮೆಯಿಂದ ಸುಮಾರು 21 ಕಿ.ಮೀ. ಉದ್ದದ ಸೈಕಲ್ ಪಥವಾಗಿ ಪರಿವರ್ತಿಸಲಾಯಿತು. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಎಲ್ರಾಯ್–ಸ್ಪಾರ್ಟಾ ಪಥ 1967ರಷ್ಟು ಹಿಂದಿನದು. ಸುಮಾರು 51 ಕಿ.ಮೀ. ಉದ್ದದ ಈ ಪಥದಲ್ಲಿ ಮೂರು ಸುರಂಗಗಳಿದ್ದು, ಸವಾರರು ದೀಪ ಹಿಡಿದು ಸೈಕಲ್ಲನ್ನು ತಳ್ಳಿಕೊಂಡು ಸಾಗುತ್ತಾರೆ.

ನೆದರ್ಲೆಂಡ್ಸಿನ ಕಥೆ ಬೇರೆ. ಅಲ್ಲಿ 1971ರ ಒಂದೇ ವರ್ಷದಲ್ಲಿ ರಸ್ತೆ ಅಪಘಾತಗಳಿಂದ ಸುಮಾರು 3,300 ಜನ ಸತ್ತರು. ಅವರಲ್ಲಿ 400ಕ್ಕೂ ಹೆಚ್ಚು ಮಂದಿ ಮಕ್ಕಳು. ಆ ವರ್ಷ ಮಗಳನ್ನು ಕಳೆದುಕೊಂಡ ಪತ್ರಕರ್ತ ವಿಕ್ ಲಾಂಗೆನ್‌ಹೋಫ್ 1972ರಲ್ಲಿ ಬರೆದ ಲೇಖನದ ಶೀರ್ಷಿಕೆ 'ಮಕ್ಕಳ ಕೊಲೆ ನಿಲ್ಲಿಸಿ' ಎಂಬ ಅರ್ಥದ್ದು. ಅದೇ ಹೆಸರಿನ ಚಳವಳಿಯೂ ಹುಟ್ಟಿತು. ತಂದೆ-ತಾಯಿಯರು ಮಕ್ಕಳೊಡನೆ ಬೀದಿಗಿಳಿದರು. 1973ರ ತೈಲ ಬಿಕ್ಕಟ್ಟಿನ ಕಾಲದ ಕಾರುರಹಿತ ಭಾನುವಾರಗಳು ಜನರಿಗೆ ಖಾಲಿ ರಸ್ತೆಯ ರುಚಿ ತೋರಿಸಿದವು. ಇಂದು ಆ ದೇಶದಲ್ಲಿ ಪುಟ್ಟ ಮಕ್ಕಳು ಒಂಟಿಯಾಗಿ ಸೈಕಲ್ಲಿನಲ್ಲಿ ಶಾಲೆಗೆ ಹೋಗುವುದನ್ನು ಕಂಡು ಬೆರಗಾಗುವ ಪ್ರವಾಸಿಗರು, ಅದು ಆ ದೇಶಕ್ಕೆ ನಿಸರ್ಗ ಕೊಟ್ಟ ವರವೆಂದು ತಿಳಿಯಬಾರದು. ಸಮತಟ್ಟಾದ ನೆಲ ಮೊದಲೂ ಇತ್ತು. ಪ್ರತ್ಯೇಕ ಪಥಗಳ ಈ ಜಾಲ ಬಂದದ್ದು ಆ ಮೇಲೆ.

ಇಳಿಜಾರಿನ ಪ್ರಶ್ನೆ

ಮಕ್ಕಳ ಪ್ರವಾಸಕ್ಕೆ ಪಥವು ತಕ್ಕದ್ದೇ ಅಲ್ಲವೇ ಎಂಬುದನ್ನು ವಾಹನಗಳ ಅಭಾವದ ನಂತರ ನಿರ್ಣಯಿಸುವುದು ಅದರ ಏರು. ರೈಲು ಎಂಜಿನ್ನು ಕಡಿದಾದ ಏರನ್ನು ಹತ್ತಲಾರದು. ಆದ್ದರಿಂದ ಸಾಮಾನ್ಯ ರೈಲು ಮಾರ್ಗಗಳ ಏರು ಶೇಕಡ 2ರ ಸುತ್ತ ಅಥವಾ ಅದಕ್ಕಿಂತ ಕಡಿಮೆ ಇರುತ್ತದೆ. ನೂರು ಮೀಟರ್ ಮುಂದೆ ಸಾಗಿದಾಗ ಎರಡು ಮೀಟರ್ ಮೇಲೇರುವುದು ಎಂದು ಇದರ ಅರ್ಥ. ಕನ್ನಡಿಗರಿಗೆ ಪರಿಚಿತವಾದ ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯ ರೈಲು ಮಾರ್ಗದ ಏರು 50ಕ್ಕೆ 1ರಂತೆ, ಅಂದರೆ ಸರಿಯಾಗಿ ಶೇಕಡ 2. ಪಶ್ಚಿಮ ಘಟ್ಟವನ್ನು ಅಷ್ಟು ಸೌಮ್ಯವಾಗಿ ಹತ್ತಲು 57 ಸುರಂಗಗಳನ್ನು ಕೊರೆಯಬೇಕಾಯಿತು. ಇದಕ್ಕೆ ಹೋಲಿಸಿದರೆ ಭಾಗಮಂಡಲದಿಂದ ಸಮುದ್ರಮಟ್ಟಕ್ಕಿಂತ 1,276 ಮೀಟರ್ ಎತ್ತರದ ತಲಕಾವೇರಿಗೆ ಹೋಗುವ ಸುಮಾರು 8 ಕಿ.ಮೀ. ರಸ್ತೆಯನ್ನು ಸೈಕಲ್ಲಿನಲ್ಲಿ ಹತ್ತಿದವರಿಗೆ ವಿವರಣೆ ಬೇಕಿಲ್ಲ.

ನದಿದಂಡೆಯ ಹಾದಿ ಇನ್ನೂ ಸೌಮ್ಯ. ಜರ್ಮನಿಯ ಪಸ್ಸಾವ್ ನಗರದಿಂದ ಆಸ್ಟ್ರಿಯಾದ ವಿಯೆನ್ನಾವರೆಗಿನ ಸುಮಾರು 320 ಕಿ.ಮೀ. ದೂರದಲ್ಲಿ ದಾನ್ಯೂಬ್ ನದಿ ಇಳಿಯುವುದು ನೂರೈವತ್ತು ಮೀಟರಿಗೂ ಕಡಿಮೆ. ಹರಿವಿನ ದಿಕ್ಕಿನಲ್ಲಿ ಸಾಗುವವರಿಗೆ ಪಶ್ಚಿಮದ ಗಾಳಿ ಬೆನ್ನಿಗಿರುವುದು ಇನ್ನೊಂದು ಅನುಕೂಲ. ಅಮೆರಿಕದ ಗ್ರೇಟ್ ಆಲಿಘೆನಿ ಪಥದಲ್ಲಿಯೂ ದಿಕ್ಕಿನ ಆಯ್ಕೆ ಮುಖ್ಯ: ಪಿಟ್ಸ್‌ಬರ್ಗ್ ಕಡೆಯಿಂದ ಹೊರಟರೆ ಏರು ಬಹು ದೂರಕ್ಕೆ ಹರಡಿಕೊಂಡು ಗೊತ್ತಾಗದಂತಿರುತ್ತದೆ, ಕಂಬರ್ಲೆಂಡ್ ಕಡೆಯಿಂದ ಹೊರಟರೆ ಮೊದಲ 37 ಕಿ.ಮೀ.ಗಳಲ್ಲಿಯೇ ಐನೂರು ಮೀಟರಿಗೂ ಹೆಚ್ಚು ಹತ್ತಬೇಕು.

ಪ್ರಮುಖ ಪಥಗಳು

ಮಕ್ಕಳೊಡನೆ ಮೊದಲ ಬಾರಿ ಹೊರಡುವವರಿಗೆ ಸಾಮಾನ್ಯವಾಗಿ ಸೂಚಿಸುವುದು ಮೇಲೆ ಹೇಳಿದ ದಾನ್ಯೂಬ್ ಪಥವನ್ನು. ಇದು ಅಟ್ಲಾಂಟಿಕ್ ತೀರದಿಂದ ಕಪ್ಪು ಸಮುದ್ರದವರೆಗಿನ, 4,000 ಕಿ.ಮೀ.ಗೂ ಹೆಚ್ಚು ಉದ್ದದ ಯುರೋವೆಲೊ 6 ಎಂಬ ಮಾರ್ಗದ ಒಂದು ಭಾಗ. ಬಹುಪಾಲು ವಾಹನರಹಿತವಾಗಿದ್ದು, ಕೆಲವೆಡೆ ಹಳ್ಳಿಯ ಸಣ್ಣ ರಸ್ತೆಗಳನ್ನು ಬಳಸುತ್ತದೆ. ಷ್ಲೋಗನ್ ಎಂಬಲ್ಲಿ ನದಿ ಸಂಪೂರ್ಣವಾಗಿ ಹಿಂದಿರುಗಿದಂತೆ ತಿರುಗುತ್ತದೆ. ಅಲ್ಲಿ ಸೈಕಲ್ ಸಹಿತ ದೋಣಿಯಲ್ಲಿ ದಡ ಬದಲಿಸುವುದು ಮಕ್ಕಳಿಗೆ ಪ್ರಿಯವಾದ ಭಾಗ. ಲಿಂಜ್ ನಗರ ದಾಟಿದ ಮೇಲೆ ಸಿಗುವ ಮೌಟ್‌ಹೌಸೆನ್‌ನಲ್ಲಿ ನಾಜಿಗಳ ಸೆರೆಶಿಬಿರವಿತ್ತು. ಈಗ ಅದು ಸ್ಮಾರಕ. ಹಿರಿಯ ವಿದ್ಯಾರ್ಥಿಗಳು ನೋಡಲೇಬೇಕಾದ, ಸಣ್ಣ ಮಕ್ಕಳಿಗೆ ತಕ್ಕುದಲ್ಲದ ಸ್ಥಳ. ಮುಂದೆ ಮೆಲ್ಕ್ ಪಟ್ಟಣದ ಬೃಹತ್ ಮಠವೂ, ವಿಶ್ವ ಪರಂಪರೆಯ ಪಟ್ಟಿಗೆ 2000ದಲ್ಲಿ ಸೇರಿದ ವಾಖಾವ್ ಕಣಿವೆಯ ದ್ರಾಕ್ಷಿ ಮತ್ತು ಜರ್ದಾಲು ತೋಟಗಳೂ ಬರುತ್ತವೆ. ದ್ಯುರ್ನ್‌ಷ್ಟೈನ್‌ನ ಪಾಳುಕೋಟೆ ಇಂಗ್ಲೆಂಡಿನ ದೊರೆ ಒಂದನೆಯ ರಿಚರ್ಡನನ್ನು 1192–93ರ ಚಳಿಗಾಲದಲ್ಲಿ ಸೆರೆಯಿಟ್ಟ ಜಾಗ. ವಿಲ್ಲೆನ್‌ಡಾರ್ಫ್ ಹಳ್ಳಿಯಲ್ಲಿ 1908ರಲ್ಲಿ ಶಿಲಾಯುಗದ ಪುಟ್ಟ ಸ್ತ್ರೀಮೂರ್ತಿಯೊಂದು ದೊರೆಯಿತು. ಅದು ಸಿಕ್ಕ ನೆಲವನ್ನು ಸೈಕಲ್ಲಿನಲ್ಲಿ ದಾಟಿ, ಕೆಲವು ದಿನಗಳ ನಂತರ ವಿಯೆನ್ನಾದ ನಿಸರ್ಗ ಇತಿಹಾಸ ಸಂಗ್ರಹಾಲಯದಲ್ಲಿ ಆ ಮೂರ್ತಿಯನ್ನೇ ನೋಡುವ ಅವಕಾಶ ಇತಿಹಾಸದ ಪಾಠಕ್ಕೆ ಅಪರೂಪದ್ದು.

ವೆನ್‌ಬಾನ್ ಪಥ ಜರ್ಮನಿಯ ಆಖೆನ್‌ನಿಂದ ಬೆಲ್ಜಿಯಂ ಮೂಲಕ ಲಕ್ಸೆಂಬರ್ಗಿನ ಟ್ರಾಯ್‌ವಿಯೆರ್ಜ್‌ವರೆಗೆ 125 ಕಿ.ಮೀ. ಸಾಗುತ್ತದೆ. ಕಲ್ಲಿದ್ದಲು ಮತ್ತು ಕಬ್ಬಿಣದ ಸಾಗಣೆಗಾಗಿ 1880ರ ದಶಕದಲ್ಲಿ ಪ್ರಷ್ಯಾ ನಿರ್ಮಿಸಿದ ರೈಲು ಮಾರ್ಗವಿದು. ಮೊದಲನೆಯ ಮಹಾಯುದ್ಧದ ನಂತರ ವರ್ಸೇಲ್ಸ್ ಒಪ್ಪಂದದ ಫಲವಾಗಿ ಹಳಿಯ ನೆಲ ಬೆಲ್ಜಿಯಮಿನದಾಯಿತು. ಹಳಿಯ ಆಚೆಗಿದ್ದ ಜರ್ಮನ್ ಭೂಭಾಗಗಳು ಬೆಲ್ಜಿಯಂ ನೆಲದಿಂದ ಸುತ್ತುವರಿದ ತುಂಡುಗಳಾಗಿ ಉಳಿದವು. ರೈಲು ನಿಂತರೂ ಈ ವಿಚಿತ್ರ ಗಡಿ ಇಂದಿಗೂ ಹಾಗೆಯೇ ಇದೆ. ಕೆಲವೇ ಮೀಟರ್ ಅಗಲದ ಬೆಲ್ಜಿಯಂ ಮೇಲೆ ಸೈಕಲ್ ತುಳಿಯುವಾಗ ಎರಡೂ ಬದಿಗೆ ಜರ್ಮನಿ ಇರುತ್ತದೆ.

ನೆದರ್ಲೆಂಡ್ಸ್ ಮತ್ತು ಬೆಲ್ಜಿಯಂಗಳಲ್ಲಿ ಒಂದೇ ಉದ್ದನೆಯ ಪಥವನ್ನು ಹಿಡಿಯಬೇಕಿಲ್ಲ. ಅಲ್ಲಿ ಪಥಗಳು ಕೂಡುವ ಪ್ರತಿ ಸ್ಥಳಕ್ಕೂ ಒಂದು ಸಂಖ್ಯೆಯಿದೆ. ಬೆಳಿಗ್ಗೆ ಹೊರಡುವಾಗ '23, 47, 12' ಎಂದು ಸಂಖ್ಯೆಗಳನ್ನು ಚೀಟಿಯಲ್ಲಿ ಬರೆದುಕೊಂಡರೆ ಭೂಪಟವಿಲ್ಲದೆಯೂ ಗುರಿ ಮುಟ್ಟಬಹುದು. ಈ ವ್ಯವಸ್ಥೆಯನ್ನು ರೂಪಿಸಿದವರು ಗಣಿ ಎಂಜಿನಿಯರ್ ಹ್ಯೂಗೊ ಬೋಲನ್; ನೆಲದಡಿಯ ಗಣಿಯಲ್ಲಿ ಸುರಂಗಗಳ ಕೂಡುಗಳಿಗೆ ಸಂಖ್ಯೆ ಕೊಡುವ ರೂಢಿಯನ್ನು ಅವರು 1990ರ ದಶಕದಲ್ಲಿ ಬೆಲ್ಜಿಯಂನ ಲಿಂಬರ್ಗ್ ಪ್ರಾಂತ್ಯದ ಸೈಕಲ್ ಪಥಗಳಿಗೆ ತಂದರು. ಓದು ಕಲಿತ ಮಗುವಿಗೆ ದಾರಿ ತೋರಿಸುವ ಹೊಣೆಯನ್ನು ಒಪ್ಪಿಸಲು ಇದಕ್ಕಿಂತ ಉತ್ತಮ ಏರ್ಪಾಡು ಕಾಣದು.

ಅಮೆರಿಕದಲ್ಲಿ ನೆಲೆಸಿದ ಬಂಧುಗಳನ್ನು ಕಾಣಲು ಹೋಗುವವರಿಗೆ ಪಿಟ್ಸ್‌ಬರ್ಗ್‌ನಿಂದ ಕಂಬರ್ಲೆಂಡ್‌ವರೆಗಿನ 241 ಕಿ.ಮೀ. ಆಲಿಘೆನಿ ಪಥವೂ, ಅಲ್ಲಿಂದ ವಾಷಿಂಗ್ಟನ್‌ವರೆಗಿನ 297 ಕಿ.ಮೀ. ಕಾಲುವೆ ಹಾದಿಯೂ ಒಂದಕ್ಕೊಂದು ಕೂಡಿಕೊಂಡಿವೆ. ಏಷ್ಯಾದಲ್ಲಿ ದಕ್ಷಿಣ ಕೊರಿಯಾದ ಇಂಚಾನ್–ಬುಸಾನ್ ಮಾರ್ಗ 633 ಕಿ.ಮೀ. ಉದ್ದದ್ದು, ದಾರಿಯ ಕೆಂಪು ಗೂಡುಗಳಲ್ಲಿ ಪುಸ್ತಕಕ್ಕೆ ಮುದ್ರೆ ಒತ್ತಿಕೊಳ್ಳುವ ಏರ್ಪಾಡಿದೆ. ನಡುವೆ ಒಂದು ಕಣಿವೆದಾರಿಯ ಏರು ಕಠಿನವಾದುದು. ಜಪಾನಿನ ಶಿಮಾನಾಮಿ ಮಾರ್ಗವು ದ್ವೀಪಗಳನ್ನು ಸೇತುವೆಗಳಿಂದ ಪೋಣಿಸುವ, ಸುಮಾರು 70 ಕಿ.ಮೀ.ಗಳ ಚಿಕ್ಕ ಪ್ರವಾಸ.

ಭಾರತದ ಸ್ಥಿತಿ

ಮೈಸೂರಿನಲ್ಲಿ 2017ರ ಜೂನ್‌ನಲ್ಲಿ ಆರಂಭವಾದ 'ಟ್ರಿಣ್ ಟ್ರಿಣ್' ಸಾರ್ವಜನಿಕ ಬಾಡಿಗೆ ಸೈಕಲ್ ವ್ಯವಸ್ಥೆ ರಾಜ್ಯದಲ್ಲಿ ಹೆಸರಾಯಿತು. ಆದರೆ ಅದು ಸೈಕಲ್ಲನ್ನು ಒದಗಿಸಿತೇ ಹೊರತು ಪ್ರತ್ಯೇಕ ಪಥವನ್ನಲ್ಲ. ಹೈದರಾಬಾದಿನಲ್ಲಿ ಹೊರವರ್ತುಲ ರಸ್ತೆಯ ಬದಿಗೆ ಸೌರಫಲಕಗಳ ಚಾವಣಿಯುಳ್ಳ 23 ಕಿ.ಮೀ. ಸೈಕಲ್ ಪಥ 2023ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾಯಿತು. ಉತ್ತರ ಪ್ರದೇಶದ ಇಟಾವಾ–ಆಗ್ರಾ ನಡುವೆ 207 ಕಿ.ಮೀ. ಉದ್ದದ ಸೈಕಲ್ ಹೆದ್ದಾರಿ 2016ರಲ್ಲಿ ತೆರೆಯಿತು.

ರೈಲು ಮಾರ್ಗವು ಸೈಕಲ್ ಪಥವಾಗುವ ಬಗೆ ನಮ್ಮಲ್ಲಿ ಬೆಳೆಯಲಿಲ್ಲ. ಸಕಲೇಶಪುರ–ಸುಬ್ರಹ್ಮಣ್ಯ ಮಾರ್ಗದಲ್ಲಿ 1990ರ ದಶಕದ ನಡುವೆ ಮೀಟರ್ ಗೇಜ್ ಸಂಚಾರ ನಿಂತಾಗ ಚಾರಣಿಗರು ಹಳಿಯ ಮೇಲೆ ನಡೆದು ಸುರಂಗಗಳನ್ನು ದಾಟುತ್ತಿದ್ದರು. ಆದರೆ 2006–07ರಲ್ಲಿ ಬ್ರಾಡ್ ಗೇಜ್ ರೈಲು ಓಡತೊಡಗಿತು. ಈಗ ಅಲ್ಲಿ ನಡೆಯುವುದು ನಿಷಿದ್ಧ, ಅಪಾಯಕರ. ಜನಸಂಖ್ಯೆ ದಟ್ಟವಾದ ನಾಡಿನಲ್ಲಿ ರೈಲು ಮತ್ತೆ ಓಡಿದ್ದೇ ಸರಿ ಎನ್ನಬೇಕು. ಕೊಡಗು ಜಿಲ್ಲೆಯಲ್ಲಿ ರೈಲು ಮಾರ್ಗವೇ ಇಲ್ಲ. ಇಲ್ಲಿನ ಮಕ್ಕಳು ಸೈಕಲ್ ಕಲಿಯುವುದು ಹೆಚ್ಚಾಗಿ ಮನೆಯಂಗಳದಲ್ಲಿ, ಶಾಲೆಯ ಮೈದಾನದಲ್ಲಿ, ಕಾಫಿ ತೋಟದ ಒಳದಾರಿಗಳಲ್ಲಿ. ನಾಪೋಕ್ಲಿನಿಂದ ಮಡಿಕೇರಿ, ವಿರಾಜಪೇಟೆಗಳಿಗೆ ಹೋಗುವ ತಿರುವುಗಳ ರಸ್ತೆಯಲ್ಲಿ ಬಸ್ಸು, ಜೀಪುಗಳ ನಡುವೆ ಎಂಟು ವರ್ಷದ ಮಗುವನ್ನು ಸೈಕಲ್ಲಿನಲ್ಲಿ ಕಳುಹಿಸಲು ಯಾವ ತಾಯಿಗೂ ಮನಸ್ಸು ಬಾರದು.

ಯೋಜನೆ: ಕಾಲದ ಆಯ್ಕೆ

ಯುರೋಪಿನಲ್ಲಿ ಸೈಕಲ್ ಪ್ರವಾಸಕ್ಕೆ ಒಳ್ಳೆಯ ಕಾಲ ಮೇ ತಿಂಗಳಿನಿಂದ ಸೆಪ್ಟೆಂಬರ್. ಕೊಡಗಿನ ಕುಟುಂಬಕ್ಕೆ ಇಲ್ಲಿಯೇ ಮೊದಲ ತೊಡಕು. ಕಾಫಿ ಕೊಯ್ಲು ನವೆಂಬರ್ ಹೊತ್ತಿಗೆ ಅರೇಬಿಕಾದಿಂದ ಮೊದಲಾಗಿ ರೊಬಸ್ಟಾ ಮುಗಿಯುವಾಗ ಮಾರ್ಚ್ ಬರುತ್ತದೆ. ಬಳಿಕ ಹೂಮಳೆಯ ನಿರೀಕ್ಷೆ. ಮಳೆ ತಡವಾದರೆ ತುಂತುರು ನೀರಾವರಿಯ ಕೆಲಸ. ಮುಂಗಾರಿನ ತಿಂಗಳುಗಳಲ್ಲಿ ತೋಟದವರಿಗೆ ಬಿಡುವು ದೊರೆಯಬಹುದು, ಆದರೆ ಆಗ ಶಾಲೆ ನಡೆಯುತ್ತಿರುತ್ತದೆ. ರಾಜ್ಯ ಪಠ್ಯಕ್ರಮದ ಶಾಲೆಗಳಿಗೆ ಬೇಸಿಗೆ ರಜೆ ಸಾಮಾನ್ಯವಾಗಿ ಏಪ್ರಿಲ್ ಎರಡನೆಯ ವಾರದಿಂದ ಮೇ ಕೊನೆಯವರೆಗೆ. ಹೀಗಾಗಿ ಇಬ್ಬರಿಗೂ ಹೊಂದುವ ಕಾಲ ಮೇ ತಿಂಗಳ ಮೊದಲ ಮೂರು ವಾರಗಳು ಮಾತ್ರ. ಆಗ ದಾನ್ಯೂಬ್ ಕಣಿವೆಯಲ್ಲಿ ಬೆಳಗಿನ ಚಳಿ ಇರುತ್ತದೆ, ಹಗಲು ಹಿತಕರ, ಸಂಜೆ ಎಂಟರವರೆಗೂ ಬೆಳಕು. ದಸರಾ ರಜೆ ಎರಡನೆಯ ಆಯ್ಕೆ. ಆದರೆ ಅಕ್ಟೋಬರ್‌ನಲ್ಲಿ ದಿನ ಕಿರಿದಾಗಿ, ದೋಣಿ ಸೇವೆಗಳೂ ವಸತಿಗೃಹಗಳೂ ಒಂದೊಂದಾಗಿ ಮುಚ್ಚತೊಡಗುತ್ತವೆ.

ಕಾವೇರಿ ಉಕ್ಕಿದಾಗ ಭಾಗಮಂಡಲ–ನಾಪೋಕ್ಲು ರಸ್ತೆ ಮುಳುಗುವುದನ್ನು ಪ್ರತಿ ಮಳೆಗಾಲದಲ್ಲಿ ಕಾಣುವವರಿಗೆ ನದಿದಂಡೆಯ ಪಥದ ಸ್ವಭಾವ ಬೇಗನೆ ಅರ್ಥವಾಗುತ್ತದೆ. ದಾನ್ಯೂಬ್ ಕೂಡ ಉಕ್ಕುತ್ತದೆ. 2013ರ ಜೂನ್‌ನಲ್ಲಿ ಪಸ್ಸಾವ್ ನಗರವೇ ಜಲಾವೃತವಾಗಿತ್ತು. ನದಿಗೆ ಸಮಾನಾಂತರವಾಗಿ ರೈಲು ಓಡುವ ಪಥವನ್ನೇ ಆರಿಸಿಕೊಂಡರೆ ನೆರೆ, ಮಳೆ, ಜ್ವರ, ಹಠ ಈ ಯಾವ ಕಾರಣಕ್ಕಾದರೂ ಒಂದು ಹಂತವನ್ನು ರೈಲಿನಲ್ಲಿ ದಾಟಬಹುದು.

ದೂರದ ಲೆಕ್ಕ

ಅಭ್ಯಾಸವಿರುವ ವಯಸ್ಕರು ದಿನಕ್ಕೆ 50–60 ಕಿ.ಮೀ. ಸಾಗುತ್ತಾರೆ. ಪ್ರವಾಸದ ವೇಗವನ್ನು ನಿರ್ಧರಿಸುವವರು ಅವರಲ್ಲ, ಗುಂಪಿನ ಅತ್ಯಂತ ದುರ್ಬಲ ಸವಾರ. ಸ್ವತಃ ತುಳಿಯುವ ಎಂಟು–ಹತ್ತು ವರ್ಷದ ಮಗುವಿಗೆ ದಿನಕ್ಕೆ 30 ಕಿ.ಮೀ. ಎಂದು ಹಿಡಿದರೆ 320 ಕಿ.ಮೀ.ಗೆ ಹನ್ನೊಂದು ದಿನ. ಪ್ರತಿ ಮೂರು–ನಾಲ್ಕು ದಿನಕ್ಕೊಂದು ವಿಶ್ರಾಂತಿ ಸೇರಿಸಿದರೆ ಹದಿನಾಲ್ಕು. ಬೆಂಗಳೂರಿಗೆ ಇಳಿದು ಹೋಗುವುದು, ಫ್ರಾಂಕ್‌ಫರ್ಟ್ ಅಥವಾ ಮ್ಯೂನಿಕ್‌ಗೆ ವಿಮಾನ, ಅಲ್ಲಿಂದ ಪಸ್ಸಾವ್‌ಗೆ ರೈಲು, ಮರಳುವ ಪ್ರಯಾಣ ಎಲ್ಲ ಸೇರಿ ಹದಿನೆಂಟು ದಿನ. ಅಷ್ಟು ಬಿಡುವಿಲ್ಲದವರು ದಿನದ ದೂರವನ್ನು ಹೆಚ್ಚಿಸದೆ ಪ್ರವಾಸವನ್ನು ಲಿಂಜ್ ಅಥವಾ ಮೆಲ್ಕ್‌ನಲ್ಲಿಯೇ ಮುಗಿಸುವುದು ವಿವೇಕ. ದೂರವನ್ನು ಹೆಚ್ಚಿಸಿದ ಯೋಜನೆಗಳು ಸಾಮಾನ್ಯವಾಗಿ ಮೂರನೆಯ ದಿನ ಕುಸಿಯುತ್ತವೆ.

ಪೂರ್ವಾಭ್ಯಾಸಕ್ಕೆ ದೊಡ್ಡ ಏರು ಬೇಕಿಲ್ಲ. ಸತತವಾಗಿ ಎರಡು ದಿನ, ಪ್ರತಿ ದಿನ ಮೂರು ಗಂಟೆ ಆಸನದ ಮೇಲೆ ಕುಳಿತು ತುಳಿಯುವುದನ್ನು ರೂಢಿಸಿದರೆ ಸಾಕು. ಬೆಳಗಿನ ಹೊತ್ತು ವಾಹನವಿಲ್ಲದ ತೋಟದ ದಾರಿ ಇದಕ್ಕೆ ಒಗ್ಗುತ್ತದೆ.

ವೀಸಾ ಮತ್ತು ವಿಮೆ

ಮೇಲಿನ ಯುರೋಪಿನ ಪಥಗಳಿರುವ ದೇಶಗಳಲ್ಲಿ ಬ್ರಿಟನ್ ಹೊರತು ಉಳಿದವೆಲ್ಲ ಷೆಂಗೆನ್ ಒಕ್ಕೂಟದವು. ಒಂದು ವೀಸಾದಲ್ಲಿ ಯಾವುದೇ 180 ದಿನಗಳ ಅವಧಿಯಲ್ಲಿ 90 ದಿನದವರೆಗೆ ಇರಬಹುದು. ಅರ್ಜಿಯನ್ನು ಹೆಚ್ಚು ದಿನ ತಂಗುವ ದೇಶಕ್ಕೆ ಸಲ್ಲಿಸಬೇಕು, ವಿಮಾನ ಇಳಿಯುವ ದೇಶಕ್ಕಲ್ಲ. ಪಸ್ಸಾವ್–ವಿಯೆನ್ನಾ ಪ್ರವಾಸದಲ್ಲಿ ರಾತ್ರಿಗಳೆಲ್ಲ ಬಹುತೇಕ ಆಸ್ಟ್ರಿಯಾದಲ್ಲಿ ಕಳೆಯುವುದರಿಂದ ಅರ್ಜಿ ಆಸ್ಟ್ರಿಯಾಕ್ಕೆ. ಆದರೆ ಸೈಕಲ್ ಪ್ರವಾಸದ ಮುಂಚೆ ಮ್ಯೂನಿಕ್‌ನ ಬಂಧುಗಳ ಮನೆಯಲ್ಲಿ ಮೂರು ವಾರ ಉಳಿಯುವವರಿಗೆ ಜರ್ಮನಿ. ಪ್ರಯಾಣಕ್ಕೆ ಆರು ತಿಂಗಳ ಮೊದಲಿನಿಂದ ಅರ್ಜಿ ಹಾಕಬಹುದು. ಕನಿಷ್ಠ 15 ದಿನ ಮೊದಲು ಹಾಕಿರಲೇಬೇಕು. 2024ರ ಜೂನ್‌ನಿಂದ ಶುಲ್ಕ ವಯಸ್ಕರಿಗೆ 90 ಯುರೊ, 6ರಿಂದ 12 ವರ್ಷದೊಳಗಿನವರಿಗೆ 45 ಯುರೊ, ಅದಕ್ಕೂ ಕಿರಿಯರಿಗೆ ಇಲ್ಲ. 12 ವರ್ಷದೊಳಗಿನವರ ಬೆರಳಚ್ಚು ಪಡೆಯುವುದಿಲ್ಲ. ಕನಿಷ್ಠ 30,000 ಯುರೊ ವೈದ್ಯಕೀಯ ವಿಮೆ ಕಡ್ಡಾಯ. ಸೈಕಲ್ ಸವಾರಿಯಿಂದಾಗುವ ಗಾಯಕ್ಕೂ ಅದು ಅನ್ವಯಿಸುತ್ತದೆಯೇ ಎಂದು ಬರಹದಲ್ಲಿ ಕೇಳಿ ತಿಳಿಯಬೇಕು.

ಪ್ರತಿ ರಾತ್ರಿಯ ವಸತಿಯ ದಾಖಲೆಯನ್ನು ವೀಸಾ ಅರ್ಜಿ ಬೇಡುತ್ತದೆ. ಮಕ್ಕಳ ದಣಿವು ಅಂಥ ಪಟ್ಟಿಗೆ ಬಗ್ಗುವುದಿಲ್ಲ. ಹಣ ಕಳೆದುಕೊಳ್ಳದೆ ರದ್ದುಮಾಡಬಹುದಾದ ವಸತಿಯನ್ನು ಕಾದಿರಿಸುವುದೇ ಇದಕ್ಕೆ ಪರಿಹಾರ.

ಸೈಕಲ್, ಮಕ್ಕಳು, ನಿಯಮಗಳು

ಸ್ವಂತ ಸೈಕಲ್ಲನ್ನು ಪೆಟ್ಟಿಗೆಯಲ್ಲಿಟ್ಟು ವಿಮಾನದಲ್ಲಿ ಒಯ್ಯಬಹುದು. ಕುಟುಂಬಕ್ಕೆ ಇದು ವ್ಯರ್ಥ ಶ್ರಮ. ದಾನ್ಯೂಬ್ ಪಥದಲ್ಲಿ ಪಸ್ಸಾವ್‌ನಲ್ಲಿ ಬಾಡಿಗೆಗೆ ಪಡೆದು ವಿಯೆನ್ನಾದಲ್ಲಿ ಹಿಂದಿರುಗಿಸುವ ಸೌಕರ್ಯವಿದೆ. ಚೀಲಗಳನ್ನು ಒಂದು ವಸತಿಯಿಂದ ಮುಂದಿನದಕ್ಕೆ ವಾಹನದಲ್ಲಿ ಸಾಗಿಸುವ ಸೇವೆಯೂ ದೊರೆಯುತ್ತದೆ. ಐದು ವರ್ಷದೊಳಗಿನವರಿಗೆ ಹಿಂದೆ ಕಟ್ಟುವ ಎರಡು ಚಕ್ರದ ಮುಚ್ಚಿದ ಗಾಡಿ ಸುರಕ್ಷಿತ; ಮಗು ಅದರಲ್ಲಿ ನಿದ್ರಿಸಬಹುದು. ಐದರಿಂದ ಎಂಟರವರೆಗೆ ದೊಡ್ಡವರ ಸೈಕಲ್ಲಿಗೆ ಜೋಡಿಸುವ ಒಂಟಿ ಚಕ್ರದ ಸೈಕಲ್ಲು ಒಗ್ಗುತ್ತದೆ: ಮನಸ್ಸಾದಾಗ ತುಳಿಯಬಹುದು, ಇಲ್ಲದಾಗ ಸುಮ್ಮನಿರಬಹುದು.

ಈ ದೇಶಗಳಲ್ಲಿ ಸಂಚಾರ ಬಲಬದಿಯಲ್ಲಿ. ವಾಹನರಹಿತ ಪಥದಲ್ಲಿ ಎದುರಿನಿಂದ ಬರುವುದು ಸೈಕಲ್ಲೇ ಆದರೂ ಎಡಕ್ಕೆ ಸರಿಯುವ ನಮ್ಮ ಅಭ್ಯಾಸದಿಂದ ಡಿಕ್ಕಿಗಳಾಗುತ್ತವೆ. ಬಲಕ್ಕೆ ಸರಿಯುವುದನ್ನು ಊರಿನಲ್ಲಿ, ತೋಟದ ಖಾಸಗಿ ದಾರಿಯಲ್ಲಿ ಮಾತ್ರ, ಮಕ್ಕಳಿಗೆ ಅಭ್ಯಾಸ ಮಾಡಿಸಬಹುದು; ಸಾರ್ವಜನಿಕ ರಸ್ತೆಯಲ್ಲಿ ಸಲ್ಲದು. ಆಸ್ಟ್ರಿಯಾದಲ್ಲಿ 12 ವರ್ಷದೊಳಗಿನವರಿಗೆ ಶಿರಸ್ತ್ರಾಣ ಕಡ್ಡಾಯ. ಆ ವಯಸ್ಸಿನವರು ಪರವಾನಗಿ ಇಲ್ಲದೆ ಸೈಕಲ್ ಓಡಿಸುವಾಗ 16 ತುಂಬಿದವರೊಬ್ಬರು ಜೊತೆಗಿರಬೇಕು. ಜರ್ಮನಿಯಲ್ಲಿ ಎಂಟು ತುಂಬದ ಮಕ್ಕಳು ರಸ್ತೆಯಲ್ಲಿ ಓಡಿಸುವಂತಿಲ್ಲ, ಕಾಲುದಾರಿಯನ್ನೋ ಪ್ರತ್ಯೇಕ ಸೈಕಲ್ ಪಥವನ್ನೋ ಬಳಸಬೇಕು. ಸಾಲಿನಲ್ಲಿ ಒಬ್ಬ ಹಿರಿಯರು ಮುಂದೆ, ಇನ್ನೊಬ್ಬರು ಕೊನೆಯಲ್ಲಿ, ಮಕ್ಕಳು ನಡುವೆ. ತುರ್ತು ಕರೆಗೆ 112 ಯುರೋಪಿನಲ್ಲಿಯೂ ನಡೆಯುತ್ತದೆ.

ಆಹಾರ

ಜರ್ಮನಿ ಮತ್ತು ಆಸ್ಟ್ರಿಯಾಗಳಲ್ಲಿ ಭಾನುವಾರ ಅಂಗಡಿಗಳು ಬಹುತೇಕ ಮುಚ್ಚಿರುತ್ತವೆ. ಶನಿವಾರ ಸಂಜೆಯೇ ಎರಡು ಹೊತ್ತಿನ ಆಹಾರವನ್ನು ಕೊಂಡಿಡದಿದ್ದರೆ ಮಕ್ಕಳು ಹಸಿಯುತ್ತಾರೆ. ಅವಲಕ್ಕಿ, ಚಟ್ನಿಪುಡಿ, ಅಕ್ಕಿತರಿ ಹಗುರವೂ ಆಪದ್ಬಾಂಧವವೂ ಆದ ಸಾಮಾನುಗಳು. ಆದರೆ ಐರೋಪ್ಯ ಒಕ್ಕೂಟವು ಪ್ರಯಾಣಿಕರ ಚೀಲದಲ್ಲಿ ಮಾಂಸ ಮತ್ತು ಹಾಲಿನ ಉತ್ಪನ್ನಗಳನ್ನು ಹೊರದೇಶಗಳಿಂದ ತರುವುದನ್ನು ನಿಷೇಧಿಸಿದೆ. ಆದ್ದರಿಂದ ಅಜ್ಜಿ ಕಟ್ಟಿಕೊಟ್ಟ ತುಪ್ಪದ ಡಬ್ಬಿ, ಹಂದಿಮಾಂಸದ ಉಪ್ಪಿನಕಾಯಿ ವಿಮಾನ ನಿಲ್ದಾಣ ದಾಟುವುದಿಲ್ಲ. ಕೊಡಗಿನ ಜೇನನ್ನು ಮಾತ್ರ ತಲೆಗೆ ಎರಡು ಕಿಲೊವರೆಗೆ ಒಯ್ಯಬಹುದು.